ಕಾರಿನ ಮೇಲೆ ಬಿಳಿ ಕಲೆ ಕೂರದಂತೆ ತೊಳೆಯುವುದು ಹೇಗೆ?

ಬೋರ್‌ವೆಲ್ ನೀರಲ್ಲಿ ಕಾರು ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೇ ಬಾನೆಟ್ ತುಂಬ ಬಿಳಿ ಉಂಗುರಗಳು. ಕಪ್ಪು ಕಾರಾದರೆ ಇನ್ನೂ ಎದ್ದು ಕಾಣುತ್ತವೆ. ಹತ್ತಿರದಿಂದ ನೋಡಿ, ಉಂಗುರದ ಅಂಚು ದಪ್ಪ, ನಡು ತೆಳು. ಹನಿ ಆರುವಾಗ ಅದರಲ್ಲಿದ್ದ ಸುಣ್ಣ, ಉಪ್ಪು ಅಂಚಿಗೆ ಸರಿದು ಅಲ್ಲೇ ಗಟ್ಟಿಯಾಗಿರುತ್ತದೆ. ನಲ್ಲಿ, ಬಕೆಟ್ ಮೇಲೆ ಕೂರುವ ಬಿಳಿ ಪದರವೂ ಇದೇ.

ಶುರುವಿನಲ್ಲಿ ಇದು ಮೇಲ್ಮೈ ಕಲೆ ಮಾತ್ರ, ತೆಗೆಯಬಹುದು. ವಾರಗಟ್ಟಲೆ ಬಿಸಿಲಿಗೆ ಬೆಂದರೆ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ. ಬಣ್ಣವನ್ನು ಕಾಯುವ ಈ ಪದರ ತಲೆಗೂದಲಿಗಿಂತ ತೆಳು, ಹೆಚ್ಚಿನ ಕಾರುಗಳಲ್ಲಿ 50 ಮೈಕ್ರಾನ್ ಆಸುಪಾಸು. ಹಾಗಾಗಿ ನೀರು ತಾನಾಗಿ ಒಣಗುವ ಮುಂಚೆ ನಾವೇ ಒರೆಸಿಬಿಡಬೇಕು. ಮುಖ್ಯ ಕೆಲಸ ಇದೇ.

ಮೊದಲು ನೀರಿನ ವಿಚಾರ. ಕಾವೇರಿ ನೀರು ಬೋರ್‌ವೆಲ್ ನೀರಿನಷ್ಟು ಗಡಸಲ್ಲ, ನಿಜ. ಆದರೆ ಅದನ್ನು ಕಾರಿಗೆ ಸುರಿಯುವುದು ತಪ್ಪು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಹೇಳಿತ್ತು. ತೊಳೆಯಲು ಬೋರ್‌ವೆಲ್ ನೀರೇ ಸಾಕು. ಕೊನೆಯ ಒಂದೆರಡು ಮಗ್‌ಗೆ ಮಾತ್ರ ಹಿಡಿದಿಟ್ಟ ಮಳೆನೀರೋ ಎಸಿಯಿಂದ ತೊಟ್ಟಿಕ್ಕುವ ನೀರೋ ಬಳಸಿ. ಇವೆರಡರಲ್ಲೂ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕೂಡಿಟ್ಟು ಕಾರು ತೊಳೆಯುವವರು ಬಹಳ ಜನ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ನಲ್ಲಿ ನೀರಿಗಿಂತ ಅದರಲ್ಲಿ ಉಪ್ಪು ಜಾಸ್ತಿ. ಅದು ನೆಲ ಒರೆಸಲು ಇರಲಿ, ಕಾರಿಗೆ ಬೇಡ.

ತೊಳೆಯುವುದು ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ, ನೆರಳಲ್ಲಿ. ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಕಾಯಿರಿ. ಮೇಲ್ಛಾವಣಿಯಿಂದ ಶುರು ಮಾಡಿ, ಒಂದೊಂದೇ ಭಾಗ ತೊಳೆದು, ಕಾರ್ ಶಾಂಪೂ ನೊರೆ ಒಣಗುವ ಮುಂಚೆ ನೀರು ಹಾಕಿ. ಪಾತ್ರೆ ತೊಳೆಯುವ ಸೋಪು ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸನ್ನೂ ಕಿತ್ತುಹಾಕುತ್ತದೆ, ಬಳಸಬೇಡಿ. ಕೊನೆಯ ನೀರನ್ನು ಎರಚದೆ ಮೇಲಿನಿಂದ ನಿಧಾನಕ್ಕೆ ಸುರಿಯಿರಿ. ಆಗ ಅದು ಹನಿಯಾಗಿ ನಿಲ್ಲದೆ ಹಾಳೆಯಂತೆ ಒಟ್ಟಿಗೆ ಜಾರಿಹೋಗುತ್ತದೆ.

ಒರೆಸುವಾಗ ಅವಸರ ಬೇಡ. ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಅಗಲವಾಗಿ ಹಾಸಿ ಮೆಲ್ಲಗೆ ಎಳೆಯಿರಿ, ತಿಕ್ಕಬೇಡಿ. ಅದು ನೆನೆದ ಮೇಲೆ ಇನ್ನೊಂದು ಒಣ ಬಟ್ಟೆ. ಕನ್ನಡಿಯ ಕೆಳಗೆ, ಹಿಡಿಕೆಯ ಸಂದಿನಲ್ಲಿ, ನಂಬರ್ ಪ್ಲೇಟ್ ಹಿಂದೆ ನೀರು ಅಡಗಿ ಕೂತಿರುತ್ತದೆ. ಬಾಗಿಲು, ಡಿಕ್ಕಿ ಒಮ್ಮೆ ತೆಗೆದು ಹಾಕಿ, ಇಳಿದು ಬಂದದ್ದನ್ನೂ ಒರೆಸಿ.

ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿ. ವ್ಯಾಕ್ಸ್ ಇದ್ದರೆ ಕಲೆಯೇ ಆಗದು ಅಂತಲ್ಲ. ಕಲೆ ಬಣ್ಣದ ಬದಲು ವ್ಯಾಕ್ಸ್ ಮೇಲೆ ಕೂರುತ್ತದೆ, ಅಷ್ಟೇ. ದುಬಾರಿ ಸೆರಾಮಿಕ್ ಕೋಟಿಂಗ್ ಮಾಡಿಸಿದವರೂ ಒರೆಸಲೇಬೇಕು.

ಆಗಲೇ ಕಲೆ ಬಿದ್ದಿದೆಯಾ? ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ತೊಳೆದ, ತಣ್ಣಗಿರುವ ಕಾರಿನ ಮೇಲೆ ಅದರಲ್ಲಿ ಅದ್ದಿದ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು ಹಗುರವಾಗಿ ಒರೆಸಿ. ಕೂಡಲೇ ನೀರು ಹಾಕಿ, ಒಣಗಿಸಿ, ಮತ್ತೆ ವ್ಯಾಕ್ಸ್ ಹಚ್ಚಿ. ಆಮೇಲೂ ಉಂಗುರ ಕಂಡರೆ ಅದು ಕ್ಲಿಯರ್ ಕೋಟನ್ನು ಕೊರೆದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಪಾಲಿಶ್ ಬೇಕು. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸುವುದು. ಪದರದ ದಪ್ಪ ಅಳೆದು ಕೆಲಸ ಮಾಡುವವರ ಹತ್ತಿರವೇ ಕೊಡಿ.

ಅಪಾರ್ಟ್‌ಮೆಂಟಿನವರು ನಿಲ್ಲಿಸುವ ಜಾಗವನ್ನೂ ನೋಡಿಕೊಳ್ಳಬೇಕು. ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪಕ್ಕ ಬೇಡ. ಬೇಸ್‌ಮೆಂಟ್ ಚಾವಣಿಯಿಂದ ತೊಟ್ಟಿಕ್ಕುವ ನೀರಂತೂ ಕಾಂಕ್ರೀಟಿನ ಸುಣ್ಣವನ್ನೇ ಹೊತ್ತು ತರುತ್ತದೆ, ಬಣ್ಣಕ್ಕೆ ಬೇಗ ಹತ್ತಿಕೊಳ್ಳುತ್ತದೆ. ಬಿದ್ದ ದಿನವೇ ತೊಳೆಯಿರಿ. ಸೋರಿಕೆ ಸರಿಮಾಡುವವರೆಗೆ ಅದರ ಕೆಳಗೊಂದು ತಗಡಿನ ತಟ್ಟೆ ಕಟ್ಟಿಸಲು ಅಸೋಸಿಯೇಷನ್‌ಗೆ ಹೇಳಿ. ಸಾಧ್ಯವಾದರೆ ಕಾರನ್ನು ಬೇರೆ ಕಡೆ ನಿಲ್ಲಿಸಿ.