ಅರಿಜೋನಾ ಮರುಭೂಮಿಯಲ್ಲಿ ಹಿಡಿದ ರಾಣಿ ಇರುವೆ ಯಾವುದು? ನಾನು ಗುರುತಿಸುವ ರೀತಿ

ಫೀನಿಕ್ಸ್, ಟೂಸಾನ್ ಸುತ್ತಲಿನ ಸೊನೋರನ್ ಮರುಭೂಮಿಯಲ್ಲಿ ಜುಲೈ, ಆಗಸ್ಟ್ ಮಳೆಯ ನಂತರ ರೆಕ್ಕೆ ಕಳಚಿದ ರಾಣಿಗಳು ನೆಲದ ಮೇಲೆ ಓಡಾಡುತ್ತವೆ. ಬಣ್ಣ ನೋಡಿ ಹೆಸರಿಡಬೇಡಿ. ಕೆಂಪು ರಾಣಿಗಳು ಹಲವು ಕುಲಗಳಲ್ಲಿವೆ. ಹಿಡಿದ ಹೊತ್ತು ಬಣ್ಣಕ್ಕಿಂತ ಒಳ್ಳೆಯ ಸುಳಿವು. ಎಲೆ ಕತ್ತರಿಸುವ ಅಕ್ರೊಮಿರ್ಮೆಕ್ಸ್ ವರ್ಸಿಕಲರ್ ಜೋಡಿಗೂಡಲು ಹಾರುವುದು ಮಳೆಯ ಮಾರನೆಯ ಬೆಳಗ್ಗೆ, ಕಾಳು ಕೂಡಿಡುವ ಪೊಗೊನೊಮಿರ್ಮೆಕ್ಸ್ ರುಗೋಸಸ್ ಮಧ್ಯಾಹ್ನ ಕಳೆದ ಮೇಲೆ, ಜೇನಿರುವೆ ಮಿರ್ಮೆಕೋಸಿಸ್ಟಸ್ ಮೆಕ್ಸಿಕಾನಸ್ ಮುಸ್ಸಂಜೆಗೆ. ಹಾಗಾಗಿ ರಾಣಿಯನ್ನು ಹಾಕಿಟ್ಟ ಟ್ಯೂಬಿನ ಮೇಲೆ ಮೊದಲು ಬರೆಯುವುದು ದಿನಾಂಕ, ಹೊತ್ತು, ಜಾಗ.

ಸಿಕ್ಕಿದ್ದು ಇರುವೆಯೇ ಎಂದೂ ನೋಡಿಕೊಳ್ಳಿ. ರೆಕ್ಕೆಯಿಲ್ಲದ, ಮೈತುಂಬ ದಟ್ಟ ಕೂದಲಿನ ವೆಲ್ವೆಟ್ ಕಣಜ ಇಲ್ಲಿ ಸಾಮಾನ್ಯ, ಅದರ ಕುಟುಕು ಭಯಂಕರ. ಇರುವೆಯ ಕುಡಿಮೀಸೆ ಮೊಣಕೈಯಂತೆ ಮಡಚಿರುತ್ತದೆ. ರಾಣಿಯ ಎದೆಯ ಪಕ್ಕದಲ್ಲಿ ರೆಕ್ಕೆ ಮುರಿದ ಗುರುತು ಕಾಣುತ್ತದೆ.

ಫೋಟೋಗೆ ಮುನ್ನ ಟ್ಯೂಬನ್ನು ಐದು ನಿಮಿಷ ಫ್ರಿಜ್ಜಿನಲ್ಲಿಡುತ್ತೇನೆ. ಫ್ರೀಜರಿನಲ್ಲಿ ಬೇಡ, ರಾಣಿ ಸಾಯಬಹುದು. ಟ್ಯೂಬಿನ ಬಾಗಿದ ಗಾಜು, ಒಳಗಿನ ತೇವ ಎರಡೂ ಚಿತ್ರ ಕೆಡಿಸುವುದರಿಂದ ಮುಚ್ಚಳವಿರುವ ಚಪ್ಪಟೆ ಡಬ್ಬಿಗೆ ಹಾಕಿ, ಕೆಳಗೆ ಮಿಲಿಮೀಟರ್ ಗ್ರಾಫ್ ಹಾಳೆ ಇಟ್ಟು ಮೂರು ಚಿತ್ರ ತೆಗೆಯುತ್ತೇನೆ: ಪಕ್ಕದಿಂದ, ಮೇಲಿನಿಂದ, ಮುಖ ನೇರವಾಗಿ. ಕುಲ ತಿಳಿಯಲು ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕಾಗುತ್ತದೆ.

ನಿರ್ಧಾರ ಶುರುವಾಗುವುದು ಸೊಂಟದಿಂದ. ಎದೆಗೂ ಹೊಟ್ಟೆಗೂ ನಡುವೆ ಗಂಟು ಒಂದೋ ಎರಡೋ? ಮೇಲಿನಿಂದ ನೋಡಿದರೆ ತುಂಬಿದ ಹೊಟ್ಟೆ ಎರಡನೆಯ ಗಂಟನ್ನು ಮರೆಮಾಡುತ್ತದೆ, ಪಕ್ಕದಿಂದಲೇ ಎಣಿಸಬೇಕು. ದೊಡ್ಡ ರಾಣಿಗೆ ಒಂದೇ ಗಂಟಿದ್ದರೆ ಅದು ಹೆಚ್ಚಾಗಿ ಮಿರ್ಮೆಕೋಸಿಸ್ಟಸ್ ಅಥವಾ ಬಡಗಿ ಇರುವೆ ಕ್ಯಾಂಪೊನೋಟಸ್. ಮೊದಲನೆಯದರ ಬಾಯಿ ಕೆಳಗಿನ ಸ್ಪರ್ಶಾಂಗಗಳು ಬಹಳ ಉದ್ದ. ಎರಡನೆಯದರಲ್ಲಿ ಕುಡಿಮೀಸೆಯ ಬುಡ ಬಾಯಿಯ ಮೇಲಿನ ಫಲಕದ ಅಂಚಿನಿಂದ ಹಿಂದಕ್ಕೆ ಸರಿದಿರುತ್ತದೆ.

ಎರಡು ಗಂಟಿದ್ದರೆ ತಲೆಯ ಅಡಿಭಾಗ ನೋಡಿ. ಅಲ್ಲಿ ಉದ್ದ ಕೂದಲಿನ ಗಡ್ಡವಿದ್ದು ಮುಖದ ತುಂಬ ಗೀರುಗಳಿದ್ದರೆ ಪೊಗೊನೊಮಿರ್ಮೆಕ್ಸ್. ಮರಳು ಹೊರಲು ಆ ಗಡ್ಡ. ಮೈತುಂಬ ಮುಳ್ಳು, ಹೊಟ್ಟೆಯ ಮೇಲೆ ಗುಬುಟು, ಕುಡಿಮೀಸೆಯಲ್ಲಿ 11 ಖಂಡಗಳಿದ್ದರೆ ಅಕ್ರೊಮಿರ್ಮೆಕ್ಸ್. ಕುಡಿಮೀಸೆಯ ತುದಿ ಎರಡು ಖಂಡಗಳಷ್ಟು ಉಬ್ಬಿ, ಎದೆಯ ಹಿಂಭಾಗದಲ್ಲಿ ಮುಳ್ಳಿಲ್ಲದಿದ್ದರೆ ಬೆಂಕಿ ಇರುವೆ ಸೊಲೆನಾಪ್ಸಿಸ್. ಮೂರು ಖಂಡ ಉಬ್ಬಿದ್ದರೆ ದೊಡ್ಡತಲೆ ಇರುವೆ ಫೈಡೋಲೆ ಇರಬಹುದು.

ಪ್ರಭೇದಕ್ಕೆ ಇಳಿದಾಗಲೇ ಕಷ್ಟ. ಪೊಗೊನೊಮಿರ್ಮೆಕ್ಸಿನಲ್ಲಿ ಎದೆಯ ಹಿಂಭಾಗದ ಜೋಡಿ ಮುಳ್ಳು ಒಳ್ಳೆಯ ಗುರುತು: ರುಗೋಸಸ್, ಬಾರ್ಬೇಟಸ್‌ಗಳಿಗೆ ಇದೆ, ಕ್ಯಾಲಿಫೋರ್ನಿಕಸ್‌ಗೆ ಇಲ್ಲ. ಇದು ಹೆಸರಿನ ಹಟಕ್ಕಲ್ಲ. ಮೊದಲೆರಡರ ರಾಣಿ ಏನೂ ತಿನ್ನದೆ ಮೊದಲ ಮರಿಗಳನ್ನು ಸಾಕುತ್ತದೆ. ಕ್ಯಾಲಿಫೋರ್ನಿಕಸ್ ರಾಣಿಗೆ ಆ ಅವಧಿಯಲ್ಲೂ ಕಾಳು ಬೇಕು, ಇಲ್ಲದಿದ್ದರೆ ಸೊರಗುತ್ತದೆ. ರುಗೋಸಸ್, ಬಾರ್ಬೇಟಸ್ ನಡುವೆಯೇ ನಿರ್ಧರಿಸಬೇಕಾದರೆ ನಾನು ನಿಧಾನಿಸುತ್ತೇನೆ. ಇವೆರಡರ ಬೆರಕೆಯಿಂದ ಹುಟ್ಟಿದ ವಂಶಗಳು ಅರಿಜೋನಾ, ನ್ಯೂ ಮೆಕ್ಸಿಕೋಗಳಲ್ಲಿವೆ. ಅವು ನೋಟಕ್ಕೆ ರುಗೋಸಸ್ ಅಥವಾ ಬಾರ್ಬೇಟಸ್‌ನಂತೆಯೇ ಇರುತ್ತವೆ, ಡಿಎನ್‌ಎ ಪರೀಕ್ಷೆ ಬಿಟ್ಟು ಖಚಿತ ದಾರಿಯಿಲ್ಲ.

ಮೊದಲ ತಂಡದ ಕೆಲಸಗಾರ ಇರುವೆಗಳು ತೀರಾ ಚಿಕ್ಕವು, ಅವುಗಳ ಅಳತೆ ಕೀಲಿಕೋಷ್ಟಕಕ್ಕೆ (ಲಕ್ಷಣ ನೋಡಿ ಪ್ರಭೇದ ಗುರುತಿಸುವ ಪಟ್ಟಿಗೆ) ಹೊಂದುವುದಿಲ್ಲ. ಮುಂದಿನ ತಂಡಗಳಲ್ಲಿ ಸಹಜವಾಗಿ ಸತ್ತವನ್ನು 95% ಎಥನಾಲಿನಲ್ಲಿಟ್ಟು, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಶೀಶೆಯ ಒಳಗೇ ಹಾಕುತ್ತೇನೆ. ಬಾಲ್‌ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ. ಅವನ್ನು ನೋಡಿ ಪ್ರಭೇದ ಖಚಿತವಾಗುವವರೆಗೆ ಲೇಬಲ್ಲಿನಲ್ಲಿ ಕುಲದ ಹೆಸರಷ್ಟೇ ಇರುತ್ತದೆ.