ಸೈಡ್ ಗಾಲಿ ಬಿಚ್ಚುವಾಗ ಪೆಡಲನ್ನೂ ಬಿಚ್ಚಿ

ಮಗುವಿನ ಸೈಕಲ್ಲಿನ ಸೈಡ್ ಗಾಲಿ ಬಿಚ್ಚಿದ ದಿನ ಅಪ್ಪನೋ ಸೋದರಮಾವನೋ ಸೀಟು ಹಿಡಿದು ಹಿಂದೆ ಓಡುವುದು, ಮಗು "ಬಿಡಬ್ಯಾಡಪ್ಪಾ, ಬಿಡಬ್ಯಾಡ" ಎಂದು ಚೀರುವುದು ಬಳ್ಳಾರಿ, ರಾಯಚೂರು, ಕೊಪ್ಪಳದ ಎಲ್ಲ ಓಣಿಗಳಲ್ಲೂ ಕಾಣುವ ನೋಟ. ಹಾಗೂ ಕಲಿಯುತ್ತಾರೆ, ಇಲ್ಲವೆಂದಲ್ಲ. ಆದರೆ ಮಗುವಿನ ಮೊಣಕಾಲು, ಅಪ್ಪನ ಸೊಂಟ ಎರಡೂ ಹೋಗುತ್ತವೆ. ಇದಕ್ಕಿಂತ ಹಗುರವಾದ ದಾರಿ ಒಂದಿದೆ. ಸೈಡ್ ಗಾಲಿಯ ಜೊತೆಗೇ ಎರಡೂ ಪೆಡಲ್ ಬಿಚ್ಚಿಡಿ. ಮಗು ಕಾಲಿಂದ ನೆಲ ಒದ್ದು ಜಾರಲಿ. ಬ್ಯಾಲೆನ್ಸ್ ಮೊದಲು ಬರಲಿ, ತುಳಿಯುವುದು ಆಮೇಲೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಗಾಲಿಯ ವಾಹನಕ್ಕೂ ಪೆಡಲ್ ಇರಲಿಲ್ಲ. ದೊಡ್ಡವರೇ ನೆಲ ಒದ್ದುಕೊಂಡು ಓಡಿಸುತ್ತಿದ್ದರು.

ಸೈಡ್ ಗಾಲಿಯ ಮೇಲೆ ವರ್ಷಗಟ್ಟಲೆ ಓಡಿಸಿದ ಮಗುವಿಗೆ ಬ್ಯಾಲೆನ್ಸ್ ಯಾಕೆ ಬಂದಿರುವುದಿಲ್ಲ? ಎರಡು ಗಾಲಿಯ ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ಲನ್ನೂ ತುಸು ಎಡಕ್ಕೇ ತಿರುಗಿಸಬೇಕು. ಆಗ ಗಾಲಿಗಳು ಮತ್ತೆ ಮೈಭಾರದ ಅಡಿಗೆ ಬಂದು ನಿಲ್ಲುತ್ತವೆ. ನಾವು ಇದನ್ನು ಗೊತ್ತಿಲ್ಲದೇ ಮಾಡುತ್ತಿರುತ್ತೇವೆ. ಸೈಡ್ ಗಾಲಿ ಇದ್ದಾಗ ಸೈಕಲ್ ವಾಲುವುದೇ ಇಲ್ಲ, ಹಾಗಾಗಿ ಈ ತಿದ್ದುವಿಕೆ ಕಲಿಯಲು ಅವಕಾಶವೇ ಸಿಗುವುದಿಲ್ಲ. ತಿರುವಿನಲ್ಲಿ ಮೈ ಹೊರಗೆ ಹಾಕುವ, ಮೂರು ಗಾಲಿ ಸೈಕಲ್ಲಿನ ಚಾಳಿ ಮಾತ್ರ ಗಟ್ಟಿಯಾಗುತ್ತದೆ. "ಇನ್ನೊಂದು ವರ್ಷ ಇರಲಿ" ಎಂದು ಮುಂದೂಡುವುದರಿಂದ ಲಾಭವಿಲ್ಲ.

ಈಗ ಸ್ಪ್ಯಾನರ್ ಕೆಲಸ. ಸೈಡ್ ಗಾಲಿಯ ಪಟ್ಟಿ ಹಿಂದಿನ ಗಾಲಿಯ ಆಕ್ಸಲ್ ನಟ್ಟಿನ ಕೆಳಗೆ ಕೂತಿರುತ್ತದೆ, ಸಾಮಾನ್ಯವಾಗಿ 15 ನಂಬರ್ ಸ್ಪ್ಯಾನರ್ ಸಾಕು. ಪಟ್ಟಿ ತೆಗೆದ ಮೇಲೆ ಅದರ ದಪ್ಪದಷ್ಟು ಜಾಗ ಖಾಲಿಯಾಗುತ್ತದೆ. ಅಲ್ಲಿ ಒಂದು ವಾಷರ್ ಹಾಕದೇ ನಟ್ ಬಿಗಿದರೆ ಕೆಲವು ಸೈಕಲ್ಲುಗಳಲ್ಲಿ ಮರೆ (ನಟ್ ತಿರುಗುವ ಸುತ್ತುಗೆರೆ) ಮುಗಿದು ನಟ್ ನಿಂತುಬಿಡುತ್ತದೆ. ಬಿಗಿ ಕೂತಂತೆ ಅನಿಸುತ್ತದೆ, ಗಾಲಿ ಮಾತ್ರ ಸಡಿಲ. ಬಿಗಿಯುವ ಮುನ್ನ ಗಾಲಿಯನ್ನು ಹಿಂದಕ್ಕೆ ಎಳೆದು ಚೈನ್ ನೋಡಿ. ನಡುವೆ ಬೆರಳಿಟ್ಟು ಒತ್ತಿದರೆ ಒಂದು, ಒಂದೂವರೆ ಸೆಂ.ಮೀ. ಆಡಬೇಕು. ಗಾಲಿ ಎರಡೂ ಬದಿಗೆ ಸಮ ದೂರದಲ್ಲಿರಲಿ, ಇಲ್ಲದಿದ್ದರೆ ಸೈಕಲ್ ಒಂದೇ ಕಡೆ ಎಳೆಯುತ್ತದೆ, ಬೈಗುಳ ಮಗುವಿಗೆ ಬೀಳುತ್ತದೆ.

ಪೆಡಲ್ ಬಿಚ್ಚುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಬಲ ಪೆಡಲಿನ ಮರೆ ಎಲ್ಲ ನಟ್ಟಿನಂತೆ ನೆಟ್ಟಗಿರುತ್ತದೆ, ಎಡದ್ದು ಉಲ್ಟಾ. ಎಡ ಬಲ ನೆನಪಿಡುವ ಬದಲು ಇಷ್ಟು ಸಾಕು: ಸ್ಪ್ಯಾನರಿನ ಹಿಡಿ ಮೇಲಕ್ಕೆ ಬರುವಂತೆ ಹಾಕಿ, ಹಿಂದಿನ ಗಾಲಿಯ ಕಡೆ ತಿರುಗಿಸಿದರೆ ಎರಡೂ ಸಡಿಲವಾಗುತ್ತವೆ, ಮುಂದಿನ ಗಾಲಿಯ ಕಡೆ ತಿರುಗಿಸಿದರೆ ಎರಡೂ ಬಿಗಿಯುತ್ತವೆ. ಜಂಗು ಹಿಡಿದಿದ್ದರೆ ರಾತ್ರಿ ಸೀಮೆಎಣ್ಣೆಯೋ ಮಷಿನ್ ಎಣ್ಣೆಯೋ ಎರಡು ಹನಿ ಬಿಟ್ಟು ಬೆಳಿಗ್ಗೆ ಬಿಚ್ಚಿ. ಆಗಲೂ ಜಗ್ಗದಿದ್ದರೆ ಸುತ್ತಿಗೆ ಹಿಡಿಯಬೇಡಿ, ಸೈಕಲ್ ಅಂಗಡಿಗೆ ಒಯ್ಯಿರಿ. ತೆಗೆದ ಪೆಡಲುಗಳ ಮೇಲೆ ಎಲ್ ಮತ್ತು ಆರ್ ಗುರುತು ಇರುತ್ತದೆ. ಇಲ್ಲದಿದ್ದರೆ ಪೆನ್ನಿನಿಂದ ನೀವೇ ಬರೆದಿಡಿ.

ಸೀಟು ಇಳಿಸಿ. ಮಗು ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮೊಣಕಾಲು ತುಸು ಬಾಗಿರಬೇಕು. ತುದಿಗಾಲಲ್ಲಿ ನಿಲ್ಲುವಷ್ಟು ಎತ್ತರವಿದ್ದರೆ ಭಯ ಹೋಗುವುದಿಲ್ಲ. "ಬೆಳೀತಾನ ಬಿಡು" ಎಂದು 16 ಇಂಚಿನ ಗಾಲಿಯ ಸೈಕಲ್ ಸರಿಹೋಗುವ ಮಗುವಿಗೆ 20 ಇಂಚಿನದು ತಂದಿದ್ದರೆ ಕಲಿಯುವಷ್ಟು ದಿನ ಯಾರದ್ದಾದರೂ ಸಣ್ಣ ಸೈಕಲ್ ಕೇಳಿ ತನ್ನಿ. ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಕೊಡಲು ಶುರುಮಾಡಿದ ಸೈಕಲ್ಲುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಅಕ್ಕನ ಆ ಸೈಕಲ್ಲಿನ ಮೇಲೆ ಒಂದನೇ ತರಗತಿಯ ತಮ್ಮನನ್ನು ಕೂರಿಸಬೇಡಿ. ಬ್ರೇಕ್ ಹಿಡಿ ಮಗುವಿನ ಬೆರಳಿಗೆ ಸಿಗುತ್ತದೆಯೇ ನೋಡಿ. ಅನೇಕ ಹಿಡಿಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಹ್ಯಾಂಡಲ್ಲಿಗೆ ಹತ್ತಿರವಾಗುತ್ತದೆ. ಟೈರಿಗೆ ಗಾಳಿ ಗಟ್ಟಿ ಇರಲಿ, ಎಷ್ಟೆಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಗಾಳಿ ಕಡಿಮೆಯಾದರೆ ಎಷ್ಟು ಒದ್ದರೂ ಸೈಕಲ್ ಮುಂದೆ ಹೋಗದೆ ಮಗು ಬೇಸತ್ತು ಇಳಿದುಬಿಡುತ್ತದೆ.

ಜಾಗ ಹುಡುಕುವುದು ನಮ್ಮ ಕಡೆ ದೊಡ್ಡ ತಲೆನೋವು. ಎರಿ (ಕಪ್ಪು) ಮಣ್ಣು ಬೇಡವೇ ಬೇಡ. ಮಳೆಯಲ್ಲಿ ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಟೈರು ಸಿಕ್ಕಿಕೊಳ್ಳುತ್ತದೆ. ಹೊಸದಾಗಿ ಗರಸು ಹಾಕಿದ ರಸ್ತೆಯಲ್ಲಿ ಕಲ್ಲು ಉರುಳಿ ಮುಂದಿನ ಗಾಲಿ ಜಾರುತ್ತದೆ. ಗಟ್ಟಿಯಾಗಿ ಕೂತ ಮಸಾರಿ (ಕೆಂಪು ಮಣ್ಣಿನ) ನೆಲ, ಶಾಲೆ ಬಿಟ್ಟ ಮೇಲಿನ ಮೈದಾನ, ರಜೆ ದಿನದ ಎಪಿಎಂಸಿ ಅಂಗಳ, ವಾಹನ ಬಾರದ ಸಿಮೆಂಟ್ ಓಣಿ ಒಳ್ಳೆಯವು. ತುಸು ಇಳಿಜಾರಿದ್ದರೆ ಇನ್ನೂ ಉತ್ತಮ. ಒಂದು ಚೆಂಡು ಇಟ್ಟು ಬಿಟ್ಟರೆ ತಾನೇ ನಿಧಾನಕ್ಕೆ ಉರುಳಬೇಕು, ಅಷ್ಟೇ ಇಳಿಜಾರು. ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರಸ್ತೆ ಮೇಲೆ ಭತ್ತ ಒಣಹಾಕಿರುತ್ತಾರೆ. ಕಾಳಿನ ಮೇಲೆ ಗಾಲಿ ಹತ್ತಿದರೆ ಬಿದ್ದಂತೆಯೇ ಲೆಕ್ಕ. ತುಂಗಭದ್ರಾ ಕಾಲುವೆಯ ದಂಡೆ ರಸ್ತೆ ನೋಡಲು ನೆಟ್ಟಗೆ, ಖಾಲಿ, ಆಸೆ ಹುಟ್ಟಿಸುತ್ತದೆ. ನೀರು ಬಿಟ್ಟಿರಲಿ ಬಿಡದಿರಲಿ, ಕಲಿಯುವ ಮಗುವನ್ನು ಅಲ್ಲಿಗೆ ಒಯ್ಯಬೇಡಿ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಆದ್ದರಿಂದ ಬೆಳಿಗ್ಗೆ ಆರರಿಂದ ಏಳೂವರೆ, ಇಲ್ಲವೇ ಹೊತ್ತು ಇಳಿದ ಮೇಲೆ. ಒಂದು ಸಲಕ್ಕೆ 20ರಿಂದ 30 ನಿಮಿಷ ಸಾಕು.

ಮೈಮೇಲೆ ಬೂಟು, ಹೆಲ್ಮೆಟ್ ಇರಲಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಹವಾಯಿ ಚಪ್ಪಲಿ, ನೆಲ ಮುಟ್ಟುವ ಲಂಗ, ಇಳಿಬಿಟ್ಟ ವೇಲು ಬೇಡ, ಚೈನಿಗೆ ಸಿಕ್ಕರೆ ಮಗು ಮುಗ್ಗರಿಸುತ್ತದೆ.

ಮೊದಲು ಸೀಟಿನ ಮೇಲೆ ಕೂತು ಬರೀ ನಡೆಯಲಿ. ಐದು ನಿಮಿಷದಲ್ಲೇ ಹೆಜ್ಜೆ ದೊಡ್ಡದಾಗುತ್ತದೆ. ಆಮೇಲೆ ಎರಡೂ ಕಾಲಿಂದ ಒಟ್ಟಿಗೆ ಒದ್ದು, ಕಾಲೆತ್ತಿ ಜಾರಲಿ. ನೀವು ಪಕ್ಕದಲ್ಲಿ ನಿಂತು ಜೋರಾಗಿ ಎಣಿಸಿ: ಒಂದು, ಎರಡು, ಮೂರು. ಮೊದಲ ದಿನ ಮೂರಕ್ಕೆ ಕಾಲು ಊರುತ್ತದೆ, ಊರಲಿ. ಎಣಿಕೆ ಹತ್ತು ದಾಟಿದ ಮೇಲೆ ನೀರಿನ ಬಾಟಲಿಗಳನ್ನು ಮೂರು ಮೂರು ಮೀಟರ್ ದೂರಕ್ಕೆ ಇಟ್ಟು ಸುತ್ತಿ ಬರಲು ಹೇಳಿ. ನೆಲಕ್ಕೆ ಸುಣ್ಣದ ಗೆರೆ ಎಳೆದು, ಅಲ್ಲಿಗೆ ಬಂದಾಗ ಹಿಂದಿನ ಬ್ರೇಕ್ ಹಿಡಿದು ನಿಲ್ಲುವುದನ್ನು ಕಲಿಸಿ. ಎರಡೇ ದಿನಕ್ಕೆ ಇಷ್ಟು ಬರುವ ಮಕ್ಕಳಿದ್ದಾರೆ, ಹತ್ತು ದಿನ ತೆಗೆದುಕೊಳ್ಳುವವರೂ ಇದ್ದಾರೆ. ಬ್ರೇಕ್ ಬಾರದೆ ಪೆಡಲ್ ಹಾಕಬೇಡಿ.

ಪೆಡಲ್ ಹಾಕುವಾಗ ಮೊದಲ ಮೂರ್ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಿಸಿ. ಸೊಟ್ಟ ಹತ್ತಿದ ಪೆಡಲನ್ನು ಸ್ಪ್ಯಾನರಿನಿಂದ ಒತ್ತಾಯಿಸಿದರೆ ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ ಮರೆಯೇ ಹಾಳು. ಹೊರಡುವಾಗ ಬಲ ಪೆಡಲ್ ಮುಂದೆ, ಮೇಲಕ್ಕೆ ಇರಲಿ. ಬಲಗಡೆಯಿಂದ ನೋಡಿದರೆ ಗಡಿಯಾರದಲ್ಲಿ ಎರಡು ಗಂಟೆಯ ಮುಳ್ಳಿದ್ದಂತೆ. ಆ ಕಾಲಿಂದ ಜೋರಾಗಿ ಒಂದು ತುಳಿತ, ಎಡಗಾಲಿಂದ ನೆಲಕ್ಕೆ ಒಂದು ಒದೆತ, ಅಷ್ಟರಲ್ಲಿ ವೇಗ ಬಂದಿರುತ್ತದೆ. ಪೆಡಲ್ ಕೆಳಗಿದ್ದರೆ ಎಷ್ಟು ಒತ್ತಿದರೂ ಸೈಕಲ್ ಕದಲುವುದಿಲ್ಲ. "ಇವನಿಗೆ ಕಾಲಲ್ಲಿ ಕಸುವಿಲ್ಲ" ಎನ್ನುವವರು ಇದನ್ನು ನೋಡಿರುವುದೇ ಇಲ್ಲ.

ಹಿಡಿಯಲೇಬೇಕೆನಿಸಿದರೆ ಬೆನ್ನಿನ ಮೇಲೆ, ಎರಡು ಭುಜಗಳ ನಡುವೆ ಅಂಗೈ ಇಡಿ, ಇಲ್ಲವೇ ಕಂಕುಳ ಕೆಳಗೆ ಟವೆಲ್ ಹಾಯಿಸಿ ಹಿಂದೆ ಸಡಿಲವಾಗಿ ಹಿಡಿಯಿರಿ. ಹ್ಯಾಂಡಲ್ ಮುಟ್ಟಬೇಡಿ. ಹ್ಯಾಂಡಲ್ ಹಿಡಿದರೆ ತಿದ್ದುತ್ತಿರುವವರು ನೀವು, ಕಲಿಯುವುದೂ ನೀವೇ. "ಹಿಡ್ಕಂಡೀನಿ, ಹಿಡ್ಕಂಡೀನಿ" ಎನ್ನುತ್ತ ಗುಟ್ಟಾಗಿ ಬಿಟ್ಟುಬಿಡುವ ಆಟವೂ ಬೇಡ. ಮಗು ಹಿಂದೆ ತಿರುಗಿ ನೋಡುತ್ತದೆ, ತಿರುಗಿದ ಕಡೆಗೇ ಹ್ಯಾಂಡಲ್ ಹೋಗುತ್ತದೆ, ಬೀಳುತ್ತದೆ, ಮರುದಿನ ನಿಮ್ಮ ಮಾತು ನಂಬುವುದಿಲ್ಲ. "ಈಗ ಬಿಡ್ತೀನಿ" ಎಂದು ಹೇಳಿಯೇ ಬಿಡಿ.

ತೂರಾಡುತ್ತಿದ್ದರೆ ಹೆಚ್ಚಾಗಿ ವೇಗ ಸಾಲದು ಎಂದರ್ಥ. ನೀವು ದಾಪುಗಾಲಿಗಿಂತ ತುಸು ಜೋರಾಗಿ ಓಡುವಷ್ಟು ವೇಗ ಬೇಕು. ಕಣ್ಣು ಮುಂದಿನ ಗಾಲಿಯ ಮೇಲಿದ್ದರೆ ಹತ್ತು ಮೀಟರ್ ಆಚೆ ನೀವು ನಿಂತು ಬೆರಳು ತೋರಿಸಿ, "ಎಷ್ಟು ಹೇಳು" ಎಂದು ಕೇಳಿ. ಮೊಣಕೈ ಕೋಲಿನಂತೆ ಸೆಟೆದಿದ್ದರೆ ಭಯವಾಗಿದೆ ಎಂದು ತಿಳಿದು ಪೆಡಲ್ ತೆಗೆದು ಮತ್ತೆ ಒಂದು ದಿನ ಜಾರಿಸಿ. ಅದಕ್ಕೆ ನಾಚಿಕೆ ಬೇಡ.

ಮೊಣಕಾಲು ತರಚಿದರೆ ಹರಿಯುವ ನೀರು, ಸಾಬೂನು. ಕಾಫಿಪುಡಿ, ಮಣ್ಣು ಮೆತ್ತಬೇಡಿ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ಮುಳ್ಳು. ಬಳ್ಳಾರಿ ಜಾಲಿ ಇರುವ ಬಯಲಿನಲ್ಲಿ, ನೆಗ್ಗಿಲು ಹಬ್ಬಿದ ಮೈದಾನದಲ್ಲಿ ಪಂಚರ್ ತಪ್ಪಿದ್ದಲ್ಲ. ಟ್ಯೂಬಿಗೆ ತೇಪೆ ಹಾಕಿಸುವಾಗ ಟೈರಿನ ಒಳಮೈಯನ್ನು ಬಟ್ಟೆಯಿಂದ ನಿಧಾನಕ್ಕೆ ಸವರಿ. ಮುರಿದ ಜಾಲಿ ಮುಳ್ಳಿನ ತುದಿ ರಬ್ಬರಿನೊಳಗೆ ಉಳಿದಿದ್ದರೆ ಬಟ್ಟೆಗೆ ತಾಗಿ ಎಳೆಯುತ್ತದೆ. ಅದನ್ನು ಚಿಮಟದಿಂದ ಕೀಳದೆ ಟ್ಯೂಬ್ ಹಾಕಿದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ಪಂಚರ್.

ಪೆಡಲ್ ತುಳಿದು ವಾರವಾದ ಮೇಲೆ ಸೀಟನ್ನು ಎರಡು ಸೆಂ.ಮೀ. ಏರಿಸಿ, ಸೀಟಿನ ಕಂಬ ಕನಿಷ್ಠ ಎಷ್ಟು ಒಳಗಿರಬೇಕೆಂದು ತೋರಿಸುವ ಗುರುತು ಹೊರಗೆ ಕಾಣದಂತೆ ನೋಡಿಕೊಳ್ಳಿ. ಎರಡೂ ಪೆಡಲನ್ನು ಇನ್ನೊಮ್ಮೆ ಬಿಗಿಯಿರಿ. ತುಳಿಯುವಾಗ ಪ್ರತಿ ಸುತ್ತಿಗೂ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ.