ಲಾಗಿನ್ ತೆವಳುತ್ತಿದೆಯೇ? ಮೊದಲು ಇಂಡೆಕ್ಸ್ ನೋಡಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಸಿಲ್ಕ್ ಬೋರ್ಡ್ ದಾಟಿ ಬಂದವರೆಲ್ಲ ಒಟ್ಟಿಗೆ ಲಾಗಿನ್ ಆಗುವ ಹೊತ್ತು. ಪಾಸ್‌ವರ್ಡ್ ಕೊಟ್ಟ ಮೇಲೂ ಚಕ್ರ ಸುತ್ತುತ್ತಲೇ ಇರುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಇದು ವಾರಗಟ್ಟಲೆ ನಡೆಯಿತು. ಸರ್ವರ್‌ಗೆ ಮೆಮೊರಿ ಹಾಕಿಸಿದರು, ಆಮೇಲೆ ಇನ್ನೊಂದು ಸರ್ವರ್ ತಂದರು. ಚಕ್ರ ನಿಲ್ಲಲಿಲ್ಲ. ಕೊನೆಗೆ ಕೆಲಸ ಆಗಿದ್ದು ಇಂಡೆಕ್ಸ್ ಹಾಕುವ ಒಂದೇ ಒಂದು ಸಾಲಿನ ಕಮಾಂಡ್‌ನಿಂದ. ಇಂಡೆಕ್ಸ್ ಅಂದರೆ ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಬೇಕಾದ ಸಾಲು ಟೇಬಲ್‌ನಲ್ಲಿ ಎಲ್ಲಿದೆ ಅಂತ ಹೇಳುವ ಪಟ್ಟಿ. ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಕೀಕ್ಲೋಕ್ ತರಹದ ಐಡೆಂಟಿಟಿ ಸಾಫ್ಟ್‌ವೇರ್ (ಲಾಗಿನ್ ನೋಡಿಕೊಳ್ಳುವಂಥದ್ದು) ಅದರ ಮೇಲೆ ಓಡಿಸುವವರಿಗೆ ಇದೇ ದಾರಿ ಸಾಕು.

ಮೊದಲು ಯಾವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಿಧಾನ ಅಂತ ಹಿಡಿಯಬೇಕು. ಊಹೆ ಬೇಡ. 'ಲಾಗ್ ಮಿನ್ ಡ್ಯುರೇಶನ್ ಸ್ಟೇಟ್‌ಮೆಂಟ್' ಎಂಬ ಸೆಟ್ಟಿಂಗ್‌ಗೆ 500 ಕೊಡಿ. ಅರ್ಧ ಸೆಕೆಂಡ್ ದಾಟಿದ ಕ್ವೆರಿಗಳೆಲ್ಲ ಲಾಗ್‌ಗೆ ಬೀಳುತ್ತವೆ. ರೀಸ್ಟಾರ್ಟ್ ಬೇಡ, ಕಾನ್ಫಿಗ್ ರೀಲೋಡ್ ಮಾಡಿದರೆ ಆಯಿತು. ಒಂದು ಬೆಳಿಗ್ಗೆ ಹಾಗೇ ಬಿಡಿ, ಕಳ್ಳ ಸಿಕ್ಕಿಬೀಳುತ್ತಾನೆ.

ಸಿಕ್ಕ ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಜ್' ಸೇರಿಸಿ ಓಡಿಸಿ, ಡೇಟಾಬೇಸ್ ಹೇಗೆ ಹುಡುಕಿತು ಅಂತ ತೋರಿಸುತ್ತದೆ. ಹುಷಾರು, ಇದು ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. ಡಿಲೀಟ್ ಮುಂದೆ ಸೇರಿಸಿದರೆ ಡೇಟಾ ಹೋಗಿಯೇ ಬಿಡುತ್ತದೆ. ನಮಗೆ ಕಂಡಿದ್ದು 'ಸೀಕ್ ಸ್ಕ್ಯಾನ್', ಅಂದರೆ ಇಡೀ ಟೇಬಲ್ ಅನ್ನು ಮೊದಲಿಂದ ಕೊನೆಯವರೆಗೆ ಓದುವುದು. ಅದರ ಕೆಳಗೆ 'ರೋಸ್ ರಿಮೂವ್ಡ್ ಬೈ ಫಿಲ್ಟರ್', ಮುಂದೆ ಹತ್ತಿರ ಹತ್ತಿರ 4 ಲಕ್ಷ. ಅಂದರೆ ಒಬ್ಬರನ್ನು ಹುಡುಕಲು 4 ಲಕ್ಷ ಸಾಲು ಓದಿ, ಮಿಕ್ಕಿದ್ದನ್ನೆಲ್ಲ ಪಕ್ಕಕ್ಕೆ ಎಸೆದಿತ್ತು. ಪ್ರತಿ ಲಾಗಿನ್‌ಗೂ! ಸರಿಯಾದ ಇಂಡೆಕ್ಸ್ ಇದ್ದಿದ್ದರೆ ಮೂರ್ನಾಲ್ಕು ಪುಟ ತಿರುವಿದ್ದರೆ ಮುಗಿಯುತ್ತಿತ್ತು.

ತಮಾಷೆ ಅಂದರೆ, ಇಮೇಲ್ ಕಾಲಮ್ ಮೇಲೆ ಇಂಡೆಕ್ಸ್ ಇತ್ತು. ಆದರೆ ಜನ ಇಮೇಲ್ ಅನ್ನು ಒಮ್ಮೆ ದೊಡ್ಡಕ್ಷರದಲ್ಲಿ, ಒಮ್ಮೆ ಸಣ್ಣಕ್ಷರದಲ್ಲಿ ಬರೆಯುತ್ತಾರಲ್ವಾ? ಅದಕ್ಕೇ ಸಾಫ್ಟ್‌ವೇರ್ ಕೇಳುತ್ತಿದ್ದದ್ದು 'ಲೋವರ್(ಇಮೇಲ್)', ಅಂದರೆ ಪೂರ್ತಿ ಸಣ್ಣಕ್ಷರಕ್ಕೆ ತಿರುಗಿಸಿದ ಇಮೇಲ್. ಪೋಸ್ಟ್‌ಗ್ರೆಸ್‌ಗೆ ಇಮೇಲ್ ಬೇರೆ, ಲೋವರ್(ಇಮೇಲ್) ಬೇರೆ. ಇದ್ದ ಇಂಡೆಕ್ಸ್ ಸುಮ್ನೆ ಕೂತಿತ್ತು. ಹೇಗೆ ಕೇಳುತ್ತೀರೋ ಹಾಗೇ ಇಂಡೆಕ್ಸ್ ಇರಬೇಕು. ಲೋವರ್(ಇಮೇಲ್) ಮೇಲೆಯೇ ಒಂದು ಹಾಕಿದೆವು.

ಹಾಕುವಾಗ 'ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ' ಅನ್ನಿ. ಕೊನೆಯ ಪದ ಬಿಟ್ಟರೆ, ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಆ ಟೇಬಲ್‌ಗೆ ಯಾರೂ ಬರೆಯುವ ಹಾಗಿಲ್ಲ. 'ಕನ್‌ಕರೆಂಟ್ಲಿ' ಇರುವುದನ್ನು ಟ್ರಾನ್ಸಾಕ್ಷನ್ (ಹಲವು ಕಮಾಂಡ್‌ಗಳನ್ನು ಒಂದೇ ಕಟ್ಟಾಗಿ ಓಡಿಸುವುದು) ಒಳಗೆ ಓಡಿಸಲು ಆಗುವುದಿಲ್ಲ. ಮಧ್ಯೆ ಕೈಕೊಟ್ಟರೆ 'ಇನ್‌ವ್ಯಾಲಿಡ್' ಇಂಡೆಕ್ಸ್ ಒಂದು ಉಳಿದುಬಿಡುತ್ತದೆ, ಅದನ್ನು ಡ್ರಾಪ್ ಮಾಡಿ ಮತ್ತೆ ಶುರು ಮಾಡಿ. ಮುಗಿದ ಮೇಲೆ ಟೇಬಲ್ ಮೇಲೆ 'ಅನಲೈಜ್' ಓಡಿಸಿ. ಲೋವರ್(ಇಮೇಲ್) ಅಂಥದ್ದರ ಲೆಕ್ಕಾಚಾರ ಪ್ಲಾನರ್‌ಗೆ (ಯಾವ ದಾರಿಯಲ್ಲಿ ಹುಡುಕಬೇಕು ಅಂತ ತೀರ್ಮಾನಿಸುವ ಭಾಗ) ಸಿಗುವುದು ಆಗಲೇ. ಇದನ್ನು ಮರೆಯುವವರೇ ಜಾಸ್ತಿ.

ಇನ್ನು ಗ್ರೂಪ್ ಹುಡುಕಾಟ. ಯಾರು ಯಾವ ಗ್ರೂಪ್‌ನಲ್ಲಿದ್ದಾರೆ ಎಂಬ ಟೇಬಲ್‌ನಲ್ಲಿ ಇಂಡೆಕ್ಸ್ ಮೊದಲು ಗ್ರೂಪ್, ಆಮೇಲೆ ಯೂಸರ್ ಅಂತಿದ್ದರೆ, ಬರೀ ಯೂಸರ್ ಹಿಡಿದು ಹುಡುಕುವಾಗ ಹೆಚ್ಚು ಪ್ರಯೋಜನವಿಲ್ಲ. ಆಟೋದವರಿಗೆ 'ಮಲ್ಲೇಶ್ವರಂ 8ನೇ ಕ್ರಾಸ್' ಅಂದರೆ ಮೀಟರ್ ಹಾಕುತ್ತಾರೆ (ಹಾಕುವವರಾದರೆ). ಬರೀ '8ನೇ ಕ್ರಾಸ್' ಅಂದರೆ 'ಯಾವ ಏರಿಯಾ ಸಾರ್?' ಅನ್ನುತ್ತಾರೆ. ಹಾಗೇ ಇದು. ಯೂಸರ್ ಕಾಲಮ್‌ಗೆ ಬೇರೆ ಇಂಡೆಕ್ಸ್ ಹಾಕಿ. ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ) ಇದೆ, ಇಂಡೆಕ್ಸ್ ತಾನೇ ಬರುತ್ತದೆ ಅಂದುಕೊಳ್ಳಬೇಡಿ. ಪೋಸ್ಟ್‌ಗ್ರೆಸ್ ತಾನಾಗಿ ಕಟ್ಟುವುದು ಪ್ರೈಮರಿ ಕೀ (ಸಾಲಿನ ಗುರುತು), ಯೂನಿಕ್ (ಎರಡು ಸಲ ಬರಬಾರದ ಮೌಲ್ಯ) ಅಂಥವಕ್ಕೆ, ಫಾರಿನ್ ಕೀಗೆ ಅಲ್ಲ.

ಹಾಗಂತ ಸಿಕ್ಕಸಿಕ್ಕ ಕಾಲಮ್‌ಗೆಲ್ಲ ಹಾಕಬೇಡಿ. ರಾತ್ರಿ ಎಚ್‌ಆರ್ ಪಟ್ಟಿ ಸಿಂಕ್ ಆಗುವಾಗ ಪ್ರತಿ ಇಂಡೆಕ್ಸ್‌ಗೂ ಬರೆಯಬೇಕಾಗುತ್ತದೆ. ಐವತ್ತು ಸಾಲಿನ ರೋಲ್ ಟೇಬಲ್‌ನಲ್ಲಿ 'ಸೀಕ್ ಸ್ಕ್ಯಾನ್' ಕಂಡರೆ ಬಿಟ್ಟುಬಿಡಿ, ಅಲ್ಲಿ ಅದೇ ಸರಿ.